ಕಫ ಪರೀಕ್ಷೆ ‘ನೆಗೆಟಿವ್’ ಬಂದರೂ ಕ್ಷಯ ಇರಬಹುದು

“ಕಫ ಪರೀಕ್ಷೆ ಮಾಡಿಸಿದೆವು. ಏನೂ ಇಲ್ಲ ಎಂದು ಬಂತು.”

ಎರಡು ತಿಂಗಳಿಂದ ಕೆಮ್ಮುತ್ತಿರುವವರ, ಸಂಜೆಯಾಗುತ್ತಲೇ ಮೈ ಬಿಸಿಯಾಗುವವರ ಮನೆಗಳಲ್ಲಿ ಈ ಮಾತನ್ನು ನೀವು ಕೇಳಿರಬಹುದು. ರಿಪೋರ್ಟ್ ಕೈಗೆ ಬಂದ ಕೂಡಲೇ ‘ಅಲ್‌ಹಮ್ದುಲಿಲ್ಲಾಹ್’ ಎಂದು ಎಲ್ಲರೂ ನಿರಾಳರಾಗುತ್ತಾರೆ. ರಿಪೋರ್ಟ್ ಕಪಾಟು ಸೇರುತ್ತದೆ. ಆದರೆ ಕೆಮ್ಮು ನಿಲ್ಲುವುದಿಲ್ಲ, ಜ್ವರ ಬಿಡುವುದಿಲ್ಲ, ಬಟ್ಟೆ ದಿನೇ ದಿನೇ ಸಡಿಲವಾಗುತ್ತಾ ಹೋಗುತ್ತದೆ. ‘ಪರೀಕ್ಷೆಯಲ್ಲಿ ಇಲ್ಲ ಎಂದು ಬಂದಿದೆಯಲ್ಲ’ ಎಂಬ ಧೈರ್ಯದಲ್ಲಿ ಇನ್ನೂ ಎರಡು ತಿಂಗಳು ಕಳೆಯುತ್ತದೆ. ಕೊನೆಗೆ ದೊಡ್ಡ ಆಸ್ಪತ್ರೆಗೆ ಹೋದಾಗ ಗೊತ್ತಾಗುವುದೇನು? ಮೊದಲಿನಿಂದಲೂ ಅದು ಕ್ಷಯವೇ ಆಗಿತ್ತು.

ಜಗತ್ತಿನ ಕ್ಷಯರೋಗಿಗಳಲ್ಲಿ ಸುಮಾರು ಕಾಲು ಭಾಗದಷ್ಟು ಮಂದಿ ನಮ್ಮ ದೇಶದಲ್ಲಿದ್ದಾರೆ. ಈ ರೋಗಕ್ಕೆ ಖಚಿತವಾದ ಔಷಧವಿದೆ. ಅದು ಸರಕಾರಿ ಆಸ್ಪತ್ರೆಯಲ್ಲಿ ಉಚಿತವಾಗಿಯೂ ಸಿಗುತ್ತದೆ. ಆದರೂ ಜನ ಸಾಯುತ್ತಿದ್ದಾರೆ. ಅದಕ್ಕೆ ಒಂದು ಮುಖ್ಯ ಕಾರಣ ರೋಗ ತಡವಾಗಿ ಪತ್ತೆಯಾಗುವುದು. ಎಂ.ಆರ್.ಐ., ತಜ್ಞ ವೈದ್ಯರು, ದೊಡ್ಡ ಪ್ರಯೋಗಾಲಯ ಯಾವುದೂ ಇಲ್ಲದ ಹೋಬಳಿ, ತಾಲೂಕು ಮಟ್ಟದಲ್ಲಿ ಈ ತಡ ಇನ್ನೂ ಹೆಚ್ಚು. ಅಂತಹ ಊರುಗಳಲ್ಲಿ ರೋಗ ಪತ್ತೆ ಹಚ್ಚುವ ಕೆಲಸದ ಅರ್ಧದಷ್ಟು ಮನೆಯವರ ಕೈಯಲ್ಲೇ ಇರುತ್ತದೆ. ಅದು ಹೇಗೆ ಎಂಬುದನ್ನು ಈ ಲೇಖನದಲ್ಲಿ ನೋಡೋಣ.

ರೋಗಾಣು ಯಾಕೆ ಸಿಕ್ಕಿಬೀಳುವುದಿಲ್ಲ?

1882ರ ಮಾರ್ಚ್ 24ರಂದು ಜರ್ಮನಿಯ ವಿಜ್ಞಾನಿ ರಾಬರ್ಟ್ ಕಾಖ್ ಕ್ಷಯದ ರೋಗಾಣುವನ್ನು ಪತ್ತೆ ಹಚ್ಚಿದ ವಿಷಯವನ್ನು ಬರ್ಲಿನ್‌ನಲ್ಲಿ ಪ್ರಕಟಿಸಿದರು. ಆ ದಿನವನ್ನೇ ನಾವು ಇಂದು ವಿಶ್ವ ಕ್ಷಯರೋಗ ದಿನವಾಗಿ ಆಚರಿಸುತ್ತೇವೆ. ಕಫವನ್ನು ಗಾಜಿನ ಮೇಲೆ ಸವರಿ, ಬಣ್ಣ ಹಾಕಿ, ಸೂಕ್ಷ್ಮದರ್ಶಕದಲ್ಲಿ ನೋಡುವ ವಿಧಾನ ಅಂದಿನಿಂದ ಇಂದಿನವರೆಗೂ ಬಳಕೆಯಲ್ಲಿದೆ. ಖರ್ಚು ಕಡಿಮೆ, ಸಣ್ಣ ಆಸ್ಪತ್ರೆಯಲ್ಲೂ ಮಾಡಬಹುದು. ಆದರೆ ಅದರಲ್ಲೊಂದು ದೊಡ್ಡ ಕೊರತೆಯಿದೆ. ಒಂದು ಮಿಲಿಲೀಟರ್ ಕಫದಲ್ಲಿ ಕನಿಷ್ಠ 5,000ದಿಂದ 10,000 ರೋಗಾಣುಗಳಿದ್ದರೆ ಮಾತ್ರ ಅವು ಕಣ್ಣಿಗೆ ಬೀಳುತ್ತವೆ. ಅದಕ್ಕಿಂತ ಕಡಿಮೆಯಿದ್ದರೆ ರಿಪೋರ್ಟ್ ‘ನೆಗೆಟಿವ್’.

ಆದ್ದರಿಂದ ನೆಗೆಟಿವ್ ಎಂದರೆ ‘ರೋಗ ಇಲ್ಲ’ ಎಂದು ಓದಿಕೊಳ್ಳಬೇಡಿ. ‘ಈ ಮಾದರಿಯಲ್ಲಿ, ಈ ವಿಧಾನದಲ್ಲಿ ರೋಗಾಣು ಕಾಣಲಿಲ್ಲ’ ಎಂದಷ್ಟೇ ಅದರ ಅರ್ಥ.

ಮುಖ್ಯವಾಗಿ ಮೂರು ಸಂದರ್ಭಗಳಲ್ಲಿ ಕ್ಷಯ ಹೀಗೆ ಅಡಗಿಕೊಳ್ಳುತ್ತದೆ. ಮೊದಲನೆಯದು, ಶ್ವಾಸಕೋಶದಲ್ಲಿ ರೋಗವಿದ್ದರೂ ರೋಗಾಣುಗಳ ಸಂಖ್ಯೆ ಕಡಿಮೆಯಿರುವಾಗ. ಎಚ್.ಐ.ವಿ. ಇರುವವರಲ್ಲಿ ಹೀಗಾಗುವುದು ಹೆಚ್ಚು. ಎರಡನೆಯದು, ರೋಗಿಗೆ ಕಫ ಕೊಡಲು ಆಗದಿರುವಾಗ. ಸಣ್ಣ ಮಕ್ಕಳ ಕಥೆ ಇದೇ. ಮೂರನೆಯದು, ರೋಗ ಶ್ವಾಸಕೋಶದಲ್ಲೇ ಇಲ್ಲದೆ ಕುತ್ತಿಗೆಯ ಗಂಟು, ಬೆನ್ನುಮೂಳೆ, ಹೊಟ್ಟೆ, ಮೆದುಳು, ಗರ್ಭಕೋಶ ಮುಂತಾದ ಕಡೆ ಇರುವಾಗ. ನಮ್ಮಲ್ಲಿ ಐದು ಕ್ಷಯರೋಗಿಗಳಲ್ಲಿ ಸುಮಾರು ಒಬ್ಬರಿಗೆ ರೋಗ ಹೀಗೆ ಶ್ವಾಸಕೋಶದ ಹೊರಗಿರುತ್ತದೆ. ಅಂಥವರ ಕಫವನ್ನು ಹತ್ತು ಸಲ ಪರೀಕ್ಷಿಸಿದರೂ ಏನೂ ಸಿಗದಿರಬಹುದು.

ತುಮಕೂರಿನ ಹಳ್ಳಿಗಳು ಕಲಿಸಿದ ಪಾಠ

1959ರಲ್ಲಿ ಬೆಂಗಳೂರಿನಲ್ಲಿ ರಾಷ್ಟ್ರೀಯ ಕ್ಷಯರೋಗ ಸಂಸ್ಥೆ ಸ್ಥಾಪನೆಯಾಯಿತು. ಹಳ್ಳಿಯ ಜನರಿಗೆ ಕ್ಷಯದ ಲಕ್ಷಣಗಳೇ ಗೊತ್ತಿಲ್ಲ, ಅವರು ಆಸ್ಪತ್ರೆಗೆ ಬರುವುದೇ ಇಲ್ಲ ಎಂದು ಆಗ ಅನೇಕರು ತಿಳಿದಿದ್ದರು. ಆ ಸಂಸ್ಥೆಯ ಡಿ. ಬ್ಯಾನರ್ಜಿ ಮತ್ತು ಸ್ಟಿಗ್ ಆಂಡರ್ಸನ್ ಎಂಬ ತಜ್ಞರು ತುಮಕೂರು ಜಿಲ್ಲೆಯಲ್ಲಿ ರೋಗಿಗಳ ಮನೆಗೇ ಹೋಗಿ ವಿಚಾರಿಸಿದರು. 1963ರಲ್ಲಿ ಪ್ರಕಟವಾದ ಅವರ ಅಧ್ಯಯನ ಬೇರೆಯೇ ಸಂಗತಿಯನ್ನು ಹೇಳಿತು. ರೋಗಿಗಳಲ್ಲಿ ಬಹುತೇಕ ಎಲ್ಲರಿಗೂ ತಮ್ಮ ಲಕ್ಷಣಗಳ ಅರಿವಿತ್ತು. ಅರ್ಧಕ್ಕಿಂತ ಹೆಚ್ಚು ಮಂದಿ ಅದಾಗಲೇ ಆಸ್ಪತ್ರೆಗೂ ಹೋಗಿ ಬಂದಿದ್ದರು. ಅಲ್ಲಿ ಅವರಿಗೆ ಸಿಕ್ಕಿದ್ದು ಪರೀಕ್ಷೆಯಲ್ಲ, ಕೆಮ್ಮಿನ ಔಷಧದ ಬಾಟಲಿ.

ಅರುವತ್ತು ವರ್ಷಗಳ ನಂತರವೂ ಈ ಪಾಠ ಹಳೆಯದಾಗಿಲ್ಲ. ಇಂದು ಆ ಬಾಟಲಿ ಮೆಡಿಕಲ್ ಅಂಗಡಿಯಲ್ಲೇ ಸಿಗುತ್ತದೆ. ಒಂದು ಬಾಟಲಿ ಮುಗಿದರೆ ಇನ್ನೊಂದು. ‘ಬೀಡಿಯ ಹುಡಿ ಮೂಗಿಗೆ ಹೋಗಿ ಕೆಮ್ಮು’, ‘ಅಗರಬತ್ತಿಯ ಹೊಗೆ’, ‘ರಮಝಾನ್ ಉಪವಾಸದಿಂದ ಸೊರಗಿದ್ದಾಳೆ’ ಎಂದು ನಾವೇ ಒಂದೊಂದು ಕಾರಣ ಕಂಡುಹಿಡಿಯುತ್ತೇವೆ. ಆ ಕಾರಣ ನಿಜವೂ ಆಗಿರಬಹುದು. ಆದರೆ ಕೆಮ್ಮು ಎರಡು ವಾರ ದಾಟಿದರೆ ಕಾರಣ ಯಾವುದೇ ಇರಲಿ, ಪರೀಕ್ಷೆ ಆಗಲೇಬೇಕು. ಈದ್ ಕಳೆದು ಎರಡು ವಾರವಾದರೂ ಕಡಿಮೆಯಾದ ತೂಕ ಮರಳದಿದ್ದರೆ ಅದು ಉಪವಾಸದಿಂದಾದ ಸೊರಗುವಿಕೆ ಎಂದು ಸುಮ್ಮನಿರಬೇಡಿ.

ಕಫ ಬೇರೆ, ಎಂಜಲು ಬೇರೆ

ಪಾಕಿಸ್ತಾನದ ರಾವಲ್ಪಿಂಡಿಯಲ್ಲಿ ನಡೆದು 2007ರಲ್ಲಿ ಪ್ರಕಟವಾದ ಒಂದು ಅಧ್ಯಯನವನ್ನು ನಮ್ಮ ಮನೆಗಳು ವಿಶೇಷವಾಗಿ ಗಮನಿಸಬೇಕು. ಅಲ್ಲಿನ ಕ್ಷಯರೋಗ ಕೇಂದ್ರಕ್ಕೆ ಬಂದವರ ಪೈಕಿ ಪುರುಷರಿಗಿಂತ ಮಹಿಳೆಯರಲ್ಲಿ ರೋಗ ಕಡಿಮೆ ಪತ್ತೆಯಾಗುತ್ತಿತ್ತು. ಮಹಿಳೆಯರು ಸಂಕೋಚದಿಂದ ಕಫದ ಬದಲು ಎಂಜಲನ್ನು ಕೊಡುತ್ತಿರಬಹುದೇ ಎಂಬ ಸಂಶಯ ವೈದ್ಯರಿಗೆ ಬಂತು. ಅವರು ಹೊಸ ಯಂತ್ರ ತರಿಸಲಿಲ್ಲ. ಕೆಲವರಿಗೆ ಕಫ ಕೊಡುವುದು ಹೇಗೆಂದು ಬಾಯಿಮಾತಿನಲ್ಲಿ ಸರಿಯಾಗಿ ವಿವರಿಸಿದರು, ಉಳಿದವರಿಗೆ ಎಂದಿನಂತೆ ಡಬ್ಬಿ ಕೊಟ್ಟರು. ವಿವರಣೆ ಸಿಗದ ಮಹಿಳೆಯರಲ್ಲಿ ನೂರಕ್ಕೆ 8 ಮಂದಿಯ ಪರೀಕ್ಷೆ ಪಾಸಿಟಿವ್ ಬಂದರೆ, ವಿವರಣೆ ಸಿಕ್ಕವರಲ್ಲಿ ನೂರಕ್ಕೆ 13 ಮಂದಿಯದು ಪಾಸಿಟಿವ್ ಬಂತು. ಒಂದು ರೂಪಾಯಿಯ ಉಪಕರಣವೂ ಇಲ್ಲದೆ, ಎರಡು ನಿಮಿಷದ ಮಾತಿನಿಂದ ಅಷ್ಟು ಮಂದಿ ತಾಯಂದಿರ, ಮಗಳಂದಿರ ರೋಗ ಬೆಳಕಿಗೆ ಬಂತು.

ನಮ್ಮ ಮಹಿಳೆಯರೂ ಆಸ್ಪತ್ರೆಯ ವರಾಂಡದಲ್ಲಿ, ನಾಲ್ಕು ಜನರ ಮುಂದೆ ಜೋರಾಗಿ ಕೆಮ್ಮಿ ಕಫ ತೆಗೆಯಲು ನಾಚುವುದು ಸಹಜ. ಡಬ್ಬಿಗೆ ಸ್ವಲ್ಪ ಉಗುಳಿ ಕೊಟ್ಟು ಬರುತ್ತಾರೆ. ಎಂಜಲಿನಲ್ಲಿ ರೋಗಾಣು ಸಿಗುವುದು ಕಷ್ಟ. ಆದ್ದರಿಂದ ಈ ಕ್ರಮವನ್ನು ನೆನಪಿಡಿ:

* ಸಾಮಾನ್ಯವಾಗಿ ಎರಡು ಮಾದರಿ ಬೇಕು. ಒಂದನ್ನು ಆಸ್ಪತ್ರೆಯಲ್ಲೇ ಕೊಡುತ್ತೀರಿ. ಇನ್ನೊಂದು ಬೆಳಿಗ್ಗೆ ಎದ್ದ ಕೂಡಲೇ ಮನೆಯಲ್ಲಿ ತೆಗೆಯುವಂಥದ್ದು. ರಾತ್ರಿಯಿಡೀ ಶೇಖರವಾದ ಕಫ ಅದರಲ್ಲಿರುವುದರಿಂದ ಅದು ಹೆಚ್ಚು ಉಪಯುಕ್ತ.
* ಬರೀ ನೀರಿನಿಂದ ಬಾಯಿ ಮುಕ್ಕಳಿಸಿ. ಏನನ್ನೂ ತಿನ್ನುವ ಮೊದಲು ಕಫ ತೆಗೆಯಿರಿ. ರಮಝಾನ್ ತಿಂಗಳಾದರೆ ಸಹರಿಗೆ ಎದ್ದಾಗ, ಊಟಕ್ಕೆ ಮೊದಲೇ ತೆಗೆಯಬಹುದು.
* ಎರಡು ಮೂರು ಬಾರಿ ಆಳವಾಗಿ ಉಸಿರೆಳೆದು, ಕ್ಷಣಕಾಲ ಹಿಡಿದು, ಎದೆಯ ಆಳದಿಂದ ಕೆಮ್ಮಿ. ಬಂದದ್ದು ಗಟ್ಟಿಯಾಗಿ, ಲೋಳೆಯಾಗಿರಬೇಕು. ನೊರೆ ನೊರೆಯಾಗಿ ನೀರಿನಂತಿದ್ದರೆ ಅದು ಎಂಜಲು.
* ಸುಮಾರು ಅರ್ಧ ಚಮಚದಿಂದ ಒಂದು ಚಮಚದಷ್ಟು ಕಫ ಬೇಕು.
* ಬಯಲಲ್ಲಿ ಅಥವಾ ಕಿಟಕಿ ತೆರೆದ ಜಾಗದಲ್ಲಿ, ಇತರರಿಂದ ದೂರ ನಿಂತು ತೆಗೆಯಿರಿ. ಮನೆಯ ಹಿತ್ತಿಲು ಇದಕ್ಕೆ ಒಳ್ಳೆಯ ಜಾಗ. ಮಹಿಳೆಯರಿಗೆ ಮರೆಯೂ ಸಿಗುತ್ತದೆ.
* ಮುಚ್ಚಳ ಬಿಗಿಮಾಡಿ, ಬಿಸಿಲು ತಾಗದಂತೆ ಆ ದಿನವೇ ತಲುಪಿಸಿ.

ಯಾವ ಪರೀಕ್ಷೆ ಏನು ಹೇಳುತ್ತದೆ?

ಈಗ ಸೂಕ್ಷ್ಮದರ್ಶಕಕ್ಕಿಂತ ಚುರುಕಾದ ಪರೀಕ್ಷೆಗಳಿವೆ. ಸಿಬಿನಾಟ್ ಮತ್ತು ಟ್ರೂನಾಟ್ ಎಂಬ ಯಂತ್ರಗಳು ರೋಗಾಣುವಿನ ವಂಶವಾಹಿಯ ತುಣುಕನ್ನೇ ಹುಡುಕುತ್ತವೆ. ಸೂಕ್ಷ್ಮದರ್ಶಕಕ್ಕೆ ಸಾವಿರಾರು ರೋಗಾಣುಗಳು ಬೇಕಿದ್ದಲ್ಲಿ, ಸಿಬಿನಾಟ್‌ಗೆ ಒಂದು ಮಿಲಿಲೀಟರಿನಲ್ಲಿ ನೂರಮೂವತ್ತರಷ್ಟಿದ್ದರೂ ಸಾಕು. ಎರಡು ಗಂಟೆಯೊಳಗೆ ಫಲಿತಾಂಶ ಸಿಗುತ್ತದೆ. ಕ್ಷಯದ ಮುಖ್ಯ ಔಷಧವಾದ ರಿಫಾಂಪಿಸಿನ್‌ಗೆ ರೋಗಾಣು ಬಗ್ಗುತ್ತದೆಯೋ ಇಲ್ಲವೋ ಎಂಬುದನ್ನೂ ಇವು ತಿಳಿಸುತ್ತವೆ. ಟ್ರೂನಾಟ್ ನಮ್ಮ ಬೆಂಗಳೂರಿನ ಬಿಗ್‌ಟೆಕ್ ಪ್ರಯೋಗಾಲಯದಲ್ಲಿ ರೂಪುಗೊಂಡದ್ದು. ಬ್ಯಾಟರಿಯಲ್ಲೂ ಕೆಲಸ ಮಾಡುವುದರಿಂದ ವಿದ್ಯುತ್ ನಂಬುವಂತಿಲ್ಲದ ಊರುಗಳಿಗೂ ಇದನ್ನು ಒಯ್ಯಬಹುದು. 2020ರಲ್ಲಿ ವಿಶ್ವ ಆರೋಗ್ಯ ಸಂಸ್ಥೆಯೂ ಇದನ್ನು ಒಪ್ಪಿತು. ಆದ್ದರಿಂದ ಕಫ ಪರೀಕ್ಷೆ ಆಯಿತು ಎಂದಾಗ ‘ಯಾವ ಪರೀಕ್ಷೆ? ಸೂಕ್ಷ್ಮದರ್ಶಕದ್ದೋ, ಟ್ರೂನಾಟ್ ಅಥವಾ ಸಿಬಿನಾಟೋ?’ ಎಂದು ಕೇಳಿ ತಿಳಿದುಕೊಳ್ಳಿ. ನಿಮ್ಮ ಊರಿನಲ್ಲಿ ಯಂತ್ರವಿಲ್ಲದಿದ್ದರೆ ಮಾದರಿಯನ್ನು ತಾಲೂಕು ಅಥವಾ ಜಿಲ್ಲಾ ಕೇಂದ್ರಕ್ಕೆ ಕಳುಹಿಸುವ ಬಗ್ಗೆ ವಿಚಾರಿಸಿ.

ಎದೆಯ ಎಕ್ಸ್‌ರೇ ಹಳೆಯ ಸಾಧನವಾದರೂ ಬಹಳ ಉಪಯುಕ್ತ. 2019ರಿಂದ 2021ರ ನಡುವೆ ನಡೆದ ರಾಷ್ಟ್ರೀಯ ಸಮೀಕ್ಷೆಯಲ್ಲಿ ಲಕ್ಷಣಗಳನ್ನು ಕೇಳುವುದರ ಜೊತೆಗೆ ಎಕ್ಸ್‌ರೇಯನ್ನೂ ತೆಗೆಯಲಾಯಿತು. ಎಕ್ಸ್‌ರೇ ತೆಗೆಯದಿದ್ದರೆ ಪತ್ತೆಯಾದ ರೋಗಿಗಳಲ್ಲಿ ನೂರಕ್ಕೆ 42ಕ್ಕೂ ಹೆಚ್ಚು ಮಂದಿ ಕೈತಪ್ಪಿ ಹೋಗುತ್ತಿದ್ದರು. ಹಾಗೆಂದು ಎಕ್ಸ್‌ರೇಯಲ್ಲಿ ಕಾಣುವ ಕಲೆಯೆಲ್ಲ ಕ್ಷಯವಲ್ಲ. ಹಳೆಯ ಗಾಯದ ಗುರುತು, ನ್ಯುಮೋನಿಯಾ, ಕ್ಯಾನ್ಸರ್ ಕೂಡ ಹಾಗೆ ಕಾಣಬಹುದು.

ರೋಗಾಣುವನ್ನು ಪ್ರಯೋಗಾಲಯದಲ್ಲಿ ಬೆಳೆಸಿ ನೋಡುವ ಕಲ್ಚರ್ ಪರೀಕ್ಷೆ ಎಲ್ಲಕ್ಕಿಂತ ಖಚಿತ. ಆದರೆ ಈ ರೋಗಾಣು ಎರಡಾಗಲು ಸುಮಾರು ಒಂದು ದಿನ ತೆಗೆದುಕೊಳ್ಳುತ್ತದೆ. ಆದ್ದರಿಂದ ‘ಇಲ್ಲ’ ಎಂದು ಖಚಿತವಾಗಿ ಹೇಳಲು ಆರರಿಂದ ಎಂಟು ವಾರ ಬೇಕು.

ತೋಳಿಗೆ ಚುಚ್ಚಿ ಎರಡು ಮೂರು ದಿನಗಳ ನಂತರ ಊತ ಅಳೆಯುವ ಮಾಂಟೂ ಪರೀಕ್ಷೆ, ರೋಗಾಣು ಎಂದಾದರೂ ದೇಹ ಹೊಕ್ಕಿದೆಯೇ ಎಂಬುದನ್ನಷ್ಟೇ ಸೂಚಿಸುತ್ತದೆ. ರೋಗ ಈಗ ಇದೆಯೇ ಎಂದು ಹೇಳುವುದಿಲ್ಲ. ತೀರಾ ಸೊರಗಿದ ಮಗುವಿಗೆ ರೋಗವಿದ್ದರೂ ಊತ ಬಾರದಿರಬಹುದು. ಇನ್ನು ರಕ್ತದಲ್ಲಿ ಪ್ರತಿಕಾಯಗಳನ್ನು ನೋಡಿ ‘ಟಿ.ಬಿ. ಪಾಸಿಟಿವ್’ ಎನ್ನುವ ಪರೀಕ್ಷೆಗಳು ನಂಬಲರ್ಹವಲ್ಲ. ಕೇಂದ್ರ ಸರಕಾರ 2012ರಲ್ಲೇ ಅವುಗಳನ್ನು ನಿಷೇಧಿಸಿದೆ. ಅದಕ್ಕಾಗಿ ಹಣ ಕಳೆಯಬೇಡಿ.

ಮಕ್ಕಳು: ಕಫ ನುಂಗುವ ರೋಗಿಗಳು

ಮಕ್ಕಳಲ್ಲಿ ರೋಗಾಣುಗಳ ಸಂಖ್ಯೆ ಕಡಿಮೆ. ಜೊತೆಗೆ ಅವರು ಕಫವನ್ನು ಉಗುಳುವುದಿಲ್ಲ, ನುಂಗಿಬಿಡುತ್ತಾರೆ. ಆದ್ದರಿಂದ ವೈದ್ಯರು ಅದನ್ನು ಹೊಟ್ಟೆಯಲ್ಲೇ ಹುಡುಕುತ್ತಾರೆ. ಬೆಳಿಗ್ಗೆ ಮಗು ಎದ್ದ ಕೂಡಲೇ, ಹಾಲು ಕುಡಿಯುವ ಮೊದಲು, ಮೂಗಿನ ಮೂಲಕ ತೆಳುವಾದ ನಳಿಕೆ ಇಳಿಸಿ ಜಠರದ ದ್ರವ ತೆಗೆಯುತ್ತಾರೆ. ನೋಡುವವರಿಗೆ ಕರುಳು ಚುರುಕ್ ಎನ್ನುತ್ತದೆ ನಿಜ. ಆದರೆ ಅದು ಕೆಲವೇ ನಿಮಿಷಗಳ ಕೆಲಸ. ಮಗುವಿನ ಮಲವನ್ನೇ ಸಿಬಿನಾಟ್‌ನಲ್ಲಿ ಪರೀಕ್ಷಿಸುವ ವಿಧಾನವನ್ನೂ ಈಗ ವಿಶ್ವ ಆರೋಗ್ಯ ಸಂಸ್ಥೆ ಒಪ್ಪಿದೆ.

ಇಷ್ಟೆಲ್ಲ ಮಾಡಿಯೂ ಅನೇಕ ಮಕ್ಕಳಲ್ಲಿ ರೋಗಾಣು ಸಿಗುವುದಿಲ್ಲ. ಅದಕ್ಕಾಗಿಯೇ 2022ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಹತ್ತು ವರ್ಷದೊಳಗಿನ ಮಕ್ಕಳಿಗೆ ಅಂಕಗಳ ಕ್ರಮವೊಂದನ್ನು ಸೂಚಿಸಿತು. ಕೆಮ್ಮು, ಜ್ವರ, ತೂಕ ಇಳಿಕೆ ಮುಂತಾದ ಒಂದೊಂದು ಲಕ್ಷಣಕ್ಕೂ ಅಂಕ ಕೊಟ್ಟು, ಮೊತ್ತ ಒಂದು ಮಿತಿ ದಾಟಿದರೆ ಚಿಕಿತ್ಸೆ ಆರಂಭಿಸಬಹುದು. ಎಕ್ಸ್‌ರೇ ಇರುವ ಊರಿಗೆ ಒಂದು ಪಟ್ಟಿ, ಇಲ್ಲದ ಊರಿಗೆ ಇನ್ನೊಂದು. ಯಂತ್ರವಿಲ್ಲ ಎಂಬ ಕಾರಣಕ್ಕೆ ಮಗು ಚಿಕಿತ್ಸೆಯಿಂದ ವಂಚಿತವಾಗಬಾರದು ಎಂಬುದೇ ಇದರ ಉದ್ದೇಶ.

ಈ ಕ್ರಮದಲ್ಲಿ ಅಂಕಗಳು ಬರುವುದು ಎಲ್ಲಿಂದ? ತಾಯಿ ಹೇಳುವ ಮಾಹಿತಿಯಿಂದ. ಅಂಗನವಾಡಿಯ ತಾಯಿ ಕಾರ್ಡನ್ನು ತೆಗೆದು ನೋಡಿ. ಎರಡು ಮೂರು ತಿಂಗಳಿಂದ ತೂಕದ ಗೆರೆ ಮೇಲೇರದೆ ಅಲ್ಲೇ ನಿಂತಿದೆಯೇ? ಮಗು ಆಟ ಬಿಟ್ಟು ಮೂಲೆ ಸೇರುತ್ತಿದೆಯೇ? ಮನೆಯಲ್ಲಿ, ಮದ್ರಸದಲ್ಲಿ, ಪಕ್ಕದ ಮನೆಯಲ್ಲಿ ಯಾರಿಗಾದರೂ ಕ್ಷಯ ಇತ್ತೇ? ಇವನ್ನು ವೈದ್ಯರು ಕೇಳದಿದ್ದರೂ ನೀವಾಗಿಯೇ ಹೇಳಿ. ಹುಟ್ಟಿದಾಗ ಕೊಟ್ಟ ಬಿ.ಸಿ.ಜಿ. ಲಸಿಕೆ ಸಣ್ಣ ಮಕ್ಕಳನ್ನು ಕ್ಷಯದ ತೀವ್ರ ರೂಪಗಳಿಂದ ಬಹುಮಟ್ಟಿಗೆ ಕಾಪಾಡುತ್ತದೆ. ಆದರೆ ‘ಲಸಿಕೆ ಹಾಕಿಸಿದ್ದೇವೆ, ಕ್ಷಯ ಬರಲಾರದು’ ಎನ್ನುವಂತಿಲ್ಲ.

ಶ್ವಾಸಕೋಶದ ಹೊರಗಿನ ಕ್ಷಯ

ಕುತ್ತಿಗೆಯ ಗಂಟು: ನೋವಿಲ್ಲದ ಗಂಟು ಎರಡು ವಾರಕ್ಕಿಂತ ಹೆಚ್ಚು ಉಳಿದರೆ, ದೊಡ್ಡದಾಗುತ್ತಾ ಹೋದರೆ ತೋರಿಸಿ. ಸೂಜಿಯಿಂದ ಸ್ವಲ್ಪ ದ್ರವ ತೆಗೆದು ಪರೀಕ್ಷಿಸುತ್ತಾರೆ. ಕೆಲವೊಮ್ಮೆ ಗಂಟಿನ ಚೂರನ್ನೇ ತೆಗೆಯಬೇಕಾಗುತ್ತದೆ. ಇಲ್ಲೊಂದು ಮುಖ್ಯ ವಿಷಯವಿದೆ. ಸಣ್ಣ ಊರುಗಳಲ್ಲಿ ಈ ಚೂರನ್ನು ಪೂರ್ತಿಯಾಗಿ ಫಾರ್ಮಾಲಿನ್ ದ್ರವದಲ್ಲಿ ಹಾಕಿ, ಲ್ಯಾಬಿಗೆ ಒಯ್ಯಲು ಮನೆಯವರ ಕೈಗೇ ಕೊಡುವುದುಂಟು. ಫಾರ್ಮಾಲಿನ್ ರೋಗಾಣುವನ್ನು ಕೊಂದುಬಿಡುತ್ತದೆ. ಮತ್ತೆ ಕಲ್ಚರ್ ಸಾಧ್ಯವಿಲ್ಲ. ಆದ್ದರಿಂದ ಶಸ್ತ್ರಕ್ರಿಯೆಗೆ ಮೊದಲೇ ‘ಕ್ಷಯದ ಪರೀಕ್ಷೆಗೆ ಒಂದು ತುಂಡನ್ನು ಸಲೈನ್ ನೀರಿನ ಬಾಟಲಿಯಲ್ಲಿ ಬೇರೆಯಾಗಿ ಇಡುತ್ತೀರಾ ಡಾಕ್ಟ್ರೇ?’ ಎಂದು ವಿನಯದಿಂದ ಕೇಳಿ. ಈ ಒಂದು ಪ್ರಶ್ನೆಯಿಂದ ಎರಡನೆಯ ಶಸ್ತ್ರಕ್ರಿಯೆ ತಪ್ಪಬಹುದು.

ಎದೆಯಲ್ಲಿ ನೀರು: ಒಂದು ಪಕ್ಕೆಯಲ್ಲಿ ನೋವು, ಏದುಸಿರು, ಜ್ವರ. ಈ ನೀರಿನಲ್ಲಿ ರೋಗಾಣುಗಳು ಬಹಳ ಕಡಿಮೆಯಿರುವುದರಿಂದ ಸಿಬಿನಾಟ್ ಕೂಡ ನೆಗೆಟಿವ್ ಬರಬಹುದು. ಆಗ ನೀರಿನಲ್ಲಿರುವ ಕಣಗಳ ಬಗೆ ಮತ್ತು ಎ.ಡಿ.ಎ. ಎಂಬ ಅಂಶದ ಪ್ರಮಾಣ ನೋಡಿ ವೈದ್ಯರು ತೀರ್ಮಾನಿಸುತ್ತಾರೆ.

ಬೆನ್ನುಮೂಳೆ: ವಾರಗಟ್ಟಲೆ ಬಿಡದ ಬೆನ್ನುನೋವು, ಅದರ ಜೊತೆ ಸಣ್ಣ ಜ್ವರ ಅಥವಾ ತೂಕ ಇಳಿಕೆ. ಆರಂಭದಲ್ಲಿ ಎಕ್ಸ್‌ರೇಯಲ್ಲಿ ಏನೂ ಕಾಣದಿರಬಹುದು. ಕಾಲು ಜೋಮು ಹಿಡಿದರೆ, ಶಕ್ತಿ ಕುಂದಿದರೆ ತೈಲ ತಿಕ್ಕಿಸುತ್ತಾ ಕೂರಬೇಡಿ. ದೊಡ್ಡ ಆಸ್ಪತ್ರೆಗೆ ತಕ್ಷಣ ಹೋಗಿ.

ಗರ್ಭಕೋಶ: ಮದುವೆಯಾಗಿ ವರ್ಷಗಳಾದರೂ ಮಕ್ಕಳಾಗದಿರಲು ಗರ್ಭನಾಳದ ಕ್ಷಯವೂ ಕಾರಣವಾಗಬಹುದು. ಕೆಮ್ಮಾಗಲಿ ಜ್ವರವಾಗಲಿ ಇರಬೇಕೆಂದಿಲ್ಲ. ಸೊಸೆಯನ್ನು ಚುಚ್ಚಿ ಮಾತನಾಡುವ ಮೊದಲು ಗಂಡ ಹೆಂಡತಿ ಇಬ್ಬರ ತಪಾಸಣೆಯೂ ಆಗಲಿ.

ಮೆದುಳಿನ ಪೊರೆ: ಇದು ಎಲ್ಲಕ್ಕಿಂತ ಅಪಾಯಕಾರಿ. ಸಣ್ಣ ಮಕ್ಕಳಲ್ಲಿ ಹೆಚ್ಚು. ಐದಾರು ದಿನ ಬಿಡದ ಜ್ವರ, ತಲೆನೋವು, ವಾಂತಿ, ಸುಮ್ಮನೆ ಸಿಡುಕುವುದು, ಮಂಕಾಗಿರುವುದು, ಅಸಂಬದ್ಧ ಮಾತು, ಕೊನೆಗೆ ಫಿಟ್ಸ್. ವರ್ತನೆ ಬದಲಾದದ್ದನ್ನು ಕಂಡು ‘ಏನೋ ಸೋಂಕಿದೆ’ ಎಂದು ಮಂತ್ರಿಸಲು ಊರೂರು ಸುತ್ತಿ ದಿನ ಕಳೆಯುವವರಿದ್ದಾರೆ. ಮಗುವಿನ ಹಣೆಯ ಮೇಲೆ ಕೈಯಿಟ್ಟು ದುಆ ಮಾಡಿ, ಅದು ತಾಯಿಯ ಹಕ್ಕು. ಆದರೆ ದುಆ ಆಸ್ಪತ್ರೆಯ ದಾರಿಯಲ್ಲೂ ಮಾಡಬಹುದು. ಇಲ್ಲಿ ಒಂದೊಂದು ದಿನದ ತಡವೂ ಮಗುವಿನ ಜೀವಕ್ಕೆ, ಬುದ್ಧಿಗೆ, ಕಣ್ಣಿಗೆ ಕುತ್ತು ತರಬಹುದು. ಬೆನ್ನಿನಿಂದ ನೀರು ತೆಗೆಯಬೇಕು ಎಂದು ವೈದ್ಯರು ಹೇಳಿದರೆ ಹೆದರಬೇಡಿ. ಹಾಗೆ ತೆಗೆದರೆ ಕಾಲು ಬಿದ್ದುಹೋಗುತ್ತದೆ ಎಂಬುದು ತಪ್ಪು ತಿಳಿವಳಿಕೆ. ಬೆನ್ನುಹುರಿ ಕೊನೆಗೊಳ್ಳುವ ಜಾಗಕ್ಕಿಂತ ಕೆಳಗೆ ಸೂಜಿ ಹಾಕುತ್ತಾರೆ.

ಶ್ವಾಸಕೋಶ, ಗಂಟಲಿನ ಹೊರತು ಬೇರೆಡೆ ಮಾತ್ರ ಇರುವ ಕ್ಷಯ ಸಾಮಾನ್ಯವಾಗಿ ಇನ್ನೊಬ್ಬರಿಗೆ ಹರಡುವುದಿಲ್ಲ ಎಂಬುದನ್ನೂ ತಿಳಿದಿರಿ. ಅಂಥವರನ್ನು ದೂರವಿಡುವ ಅಗತ್ಯವೇ ಇಲ್ಲ.

ರೋಗವನ್ನು ಮರೆಮಾಡುವ ಮಾತ್ರೆಗಳು

ಕೆಲವು ಔಷಧಗಳು ಕ್ಷಯದ ಮುಖಕ್ಕೆ ತೆರೆ ಎಳೆಯುತ್ತವೆ. ಲಿವೋಫ್ಲಾಕ್ಸಸಿನ್‌ನಂತಹ ಆ್ಯಂಟಿಬಯೋಟಿಕ್‌ಗಳು ಕ್ಷಯದ ರೋಗಾಣುವನ್ನು ಸ್ವಲ್ಪ ಕಾಲ ತಗ್ಗಿಸುತ್ತವೆ. ಕೆಮ್ಮು ಕಡಿಮೆಯಾಗುತ್ತದೆ, ಕಫದ ಪರೀಕ್ಷೆ ನೆಗೆಟಿವ್ ಬರುತ್ತದೆ, ಆಮೇಲೆ ರೋಗ ಮರಳುತ್ತದೆ. ಉಬ್ಬಸಕ್ಕೆಂದು ಅಂಗಡಿಯಿಂದ ತಂದು ನುಂಗುವ ಸ್ಟೀರಾಯ್ಡ್ ಮಾತ್ರೆ ಹಸಿವು ಹೆಚ್ಚಿಸಿ, ಜ್ವರ ಇಳಿಸಿ ಗುಣವಾದಂತೆ ತೋರಿಸುತ್ತದೆ. ಒಳಗೆ ರೋಗ ಬಲಿಯುತ್ತಿರುತ್ತದೆ. ಆದ್ದರಿಂದ ಎರಡು ವಾರ ದಾಟಿದ ಕೆಮ್ಮಿಗೆ ವೈದ್ಯರ ಚೀಟಿಯಿಲ್ಲದೆ ಮಾತ್ರೆ ತರಬೇಡಿ. ಅದಾಗಲೇ ತೆಗೆದುಕೊಂಡಿದ್ದರೆ ಆ ಹಾಳೆಯನ್ನೇ ವೈದ್ಯರಿಗೆ ತೋರಿಸಿ.

ಮನೆಯಲ್ಲಿ ಸಕ್ಕರೆ ಕಾಯಿಲೆಯವರಿದ್ದರೆ ಹೆಚ್ಚು ಎಚ್ಚರ ಬೇಕು. ಅವರಿಗೆ ಕ್ಷಯ ತಗಲುವ ಸಾಧ್ಯತೆ ಇತರರಿಗಿಂತ ಎರಡು ಮೂರು ಪಟ್ಟು ಹೆಚ್ಚು. ಕಾರಣವಿಲ್ಲದೆ ಸಕ್ಕರೆ ಹತೋಟಿ ತಪ್ಪಿ, ತೂಕ ಇಳಿಯುತ್ತಿದ್ದರೆ ಎದೆಯ ಎಕ್ಸ್‌ರೇ ಬಗ್ಗೆ ಕೇಳಿ.

ಒಂದು ಹಾಳೆಯಲ್ಲಿ ಬರೆದುಕೊಳ್ಳಿ

ಸಣ್ಣ ಆಸ್ಪತ್ರೆಯಲ್ಲಿ ವೈದ್ಯರಿಗೆ ನಿಮ್ಮೊಡನೆ ಮಾತನಾಡಲು ಸಿಗುವುದು ಕೆಲವೇ ನಿಮಿಷ. ಆ ನಿಮಿಷಗಳಲ್ಲಿ ಅವರ ಕೈಗೆ ಈ ಮಾಹಿತಿ ಸಿಗಲಿ:

1. ಕೆಮ್ಮು, ಜ್ವರ, ಗಂಟು ಅಥವಾ ನೋವು ಶುರುವಾದ ದಿನಾಂಕ. ‘ಸ್ವಲ್ಪ ದಿನದಿಂದ’ ಎನ್ನಬೇಡಿ.
2. ವಾರಕ್ಕೊಮ್ಮೆ ಒಂದೇ ತಕ್ಕಡಿಯಲ್ಲಿ ನೋಡಿದ ತೂಕ.
3. ಸಂಜೆಯ ಜ್ವರದ ಅಳತೆ. ರಾತ್ರಿ ಬಟ್ಟೆ ಒದ್ದೆಯಾಗುವಷ್ಟು ಬೆವರು ಬರುತ್ತದೆಯೇ ಎಂಬುದು.
4. ಕಳೆದ ಎರಡು ವರ್ಷಗಳಲ್ಲಿ ಜೊತೆಯಲ್ಲಿದ್ದವರಿಗೆ ಕ್ಷಯ ಇತ್ತೇ? ನಿಮಗೇ ಹಿಂದೆ ಬಂದಿತ್ತೇ? ಪೂರ್ತಿ ಚಿಕಿತ್ಸೆ ಆಗಿತ್ತೇ?
5. ಈವರೆಗೆ ತೆಗೆದುಕೊಂಡ ಎಲ್ಲ ಔಷಧಗಳ ಹೆಸರು.
6. ಹಳೆಯ ರಿಪೋರ್ಟ್ ಮತ್ತು ಎಕ್ಸ್‌ರೇ. ಹಳೆಯದನ್ನು ಹೊಸದರ ಪಕ್ಕದಲ್ಲಿಟ್ಟು ನೋಡುವುದು ಎಷ್ಟೋ ಸಲ ಹೊಸ ಪರೀಕ್ಷೆಗಿಂತ ಹೆಚ್ಚು ಹೇಳುತ್ತದೆ.

ಎಲ್ಲ ಪರೀಕ್ಷೆ ನೆಗೆಟಿವ್ ಬಂದರೂ ಈ ಮಾಹಿತಿ, ಎಕ್ಸ್‌ರೇ ಮತ್ತು ದೇಹ ಪರೀಕ್ಷೆ ಸೇರಿಸಿ ‘ಇದು ಕ್ಷಯವೇ’ ಎಂದು ತೀರ್ಮಾನಿಸಿ ಚಿಕಿತ್ಸೆ ಆರಂಭಿಸುವ ಅಧಿಕಾರ ವೈದ್ಯರಿಗಿದೆ. ಸರಕಾರಿ ಕಾರ್ಯಕ್ರಮವೂ ಅದನ್ನು ಒಪ್ಪುತ್ತದೆ. ಆದರೆ ಯಾವ ಹುಡುಕಾಟವೂ ಇಲ್ಲದೆ ‘ಮಾತ್ರೆ ಕೊಟ್ಟು ನೋಡೋಣ’ ಎಂದರೆ, ಇನ್ನೊಂದು ಅಭಿಪ್ರಾಯ ಕೇಳಲು ಹಿಂಜರಿಯಬೇಡಿ. ಸಾಮಾನ್ಯ ಕ್ಷಯಕ್ಕೆ ಆರು ತಿಂಗಳ ಚಿಕಿತ್ಸೆ. ಮೆದುಳು, ಮೂಳೆಯ ಕ್ಷಯಕ್ಕೆ ಅದಕ್ಕಿಂತ ಹೆಚ್ಚು. ನಡುವೆ ಬಿಟ್ಟರೆ ರೋಗಾಣು ಔಷಧಕ್ಕೆ ಬಗ್ಗದಂತಾಗುವ ಅಪಾಯವಿದೆ. ಚಿಕಿತ್ಸೆಯಲ್ಲಿರುವವರಿಗೆ ಪೌಷ್ಟಿಕ ಆಹಾರಕ್ಕಾಗಿ ನಿಕ್ಷಯ್ ಪೋಷಣ್ ಯೋಜನೆಯಲ್ಲಿ ಸರಕಾರ 2018ರಿಂದ ತಿಂಗಳಿಗೆ 500 ರೂಪಾಯಿ ಕೊಡುತ್ತಿತ್ತು. 2024ರ ನವೆಂಬರ್‌ನಿಂದ ಅದು 1,000 ರೂಪಾಯಿ ಆಗಿದೆ. ಖಾಸಗಿ ಆಸ್ಪತ್ರೆಯಲ್ಲಿ ಚಿಕಿತ್ಸೆ ಪಡೆಯುವವರೂ ಹೆಸರು ನೋಂದಾಯಿಸಿ ಇದನ್ನು ಪಡೆಯಬಹುದು. ಉಚಿತ ಸಹಾಯವಾಣಿ 1800-11-6666ಕ್ಕೆ ಕರೆ ಮಾಡಿ ವಿಚಾರಿಸಿ.

ಮುಚ್ಚಿಟ್ಟರೆ ಯಾರಿಗೆ ನಷ್ಟ?

ಮಗಳ ಸಂಬಂಧ ತಪ್ಪೀತು, ಗಲ್ಫ್ ವೀಸಾದ ತಪಾಸಣೆಯಲ್ಲಿ ಎದೆಯ ಎಕ್ಸ್‌ರೇ ತೆಗೆಯುವಾಗ ಕಲೆ ಕಂಡು ‘ಅನ್‌ಫಿಟ್’ ಆದೇನು ಎಂಬ ಭಯದಿಂದ ನಮ್ಮಲ್ಲಿ ಅನೇಕರು ಪರೀಕ್ಷೆಗೇ ಹೋಗುವುದಿಲ್ಲ. ಈ ಭಯ ಸುಳ್ಳಲ್ಲ. ಆದರೆ ತಡವಾದಷ್ಟೂ ಶ್ವಾಸಕೋಶದ ಕಲೆ ದೊಡ್ಡದಾಗುತ್ತದೆಯೇ ಹೊರತು ಚಿಕ್ಕದಾಗುವುದಿಲ್ಲ. ಅಷ್ಟರೊಳಗೆ ಅದೇ ಕೋಣೆಯಲ್ಲಿ ಮಲಗುವ ಮಗುವಿಗೂ ರೋಗ ದಾಟಿರುತ್ತದೆ. ಸೀನುವಾಗ ಪ್ರವಾದಿ(ಸ)ರು ಕೈಯಿಂದ ಅಥವಾ ಬಟ್ಟೆಯಿಂದ ಮುಖ ಮುಚ್ಚಿಕೊಳ್ಳುತ್ತಿದ್ದರು. ಇನ್ನೊಬ್ಬರಿಗೆ ತೊಂದರೆಯಾಗಬಾರದು ಎಂಬ ಈ ಶಿಷ್ಟಾಚಾರವನ್ನು ಕೆಮ್ಮಿಗೂ ಪಾಲಿಸಿ. ಕಿಟಕಿಗಳನ್ನು ತೆರೆದಿಡಿ. ಒಬ್ಬರಿಗೆ ರೋಗ ಪತ್ತೆಯಾದರೆ ಮನೆಮಂದಿಯೆಲ್ಲರೂ ತಪಾಸಣೆ ಮಾಡಿಸಿಕೊಳ್ಳಿ. ರೋಗವಿಲ್ಲದವರಿಗೆ, ಮುಖ್ಯವಾಗಿ ಸಣ್ಣ ಮಕ್ಕಳಿಗೆ, ತಡೆಗಟ್ಟುವ ಔಷಧವೂ ಇದೆ.

ಚಿಕಿತ್ಸೆ ನಡೆಯುವಾಗ ರಮಝಾನ್ ಬಂದರೆ ಉಪವಾಸದ ಬಗ್ಗೆ ವೈದ್ಯರನ್ನು ಕೇಳಿ. ರೋಗಿಗೆ ಕುರ್‌ಆನ್ ರಿಯಾಯಿತಿ ನೀಡಿದೆ. ಗುಣವಾದ ಮೇಲೆ ಉಪವಾಸ ಪೂರೈಸಬಹುದು. ಆದರೆ ಒಂದು ದಿನದ ಮಾತ್ರೆಯನ್ನೂ ತಪ್ಪಿಸಬೇಡಿ.

ಅಲ್ಲಾಹನು ಔಷಧವಿಲ್ಲದ ರೋಗವನ್ನು ಇಳಿಸಿಲ್ಲ ಎಂದು ಪ್ರವಾದಿ(ಸ)ರು ನಮಗೆ ಕಲಿಸಿದ್ದಾರೆ, ಚಿಕಿತ್ಸೆ ಪಡೆಯಿರಿ ಎಂದೂ ಹೇಳಿದ್ದಾರೆ. ಔಷಧ ಹುಡುಕುವ ಮೊದಲು ರೋಗವನ್ನು ಹುಡುಕಬೇಕಲ್ಲವೇ? ಹಾಗಾದರೆ ಕಪಾಟಿನಲ್ಲಿರುವ ಆ ‘ನೆಗೆಟಿವ್’ ರಿಪೋರ್ಟನ್ನು ಇವತ್ತೇ ಹೊರಗೆ ತೆಗೆಯಿರಿ. ಕೆಮ್ಮು ನಿಂತಿದೆಯೇ, ತೂಕ ಮರಳಿದೆಯೇ, ಜ್ವರ ಬಿಟ್ಟಿದೆಯೇ? ಇಲ್ಲವೆಂದಾದರೆ ಆ ರಿಪೋರ್ಟನ್ನೂ ನೀವು ಬರೆದ ಹಾಳೆಯನ್ನೂ ಹಿಡಿದು ನಾಳೆ ಬೆಳಿಗ್ಗೆಯೇ ಮತ್ತೆ ಆಸ್ಪತ್ರೆಗೆ ಹೊರಡಿ. ಅಲ್ಲಾಹನು ಎಲ್ಲ ರೋಗಿಗಳಿಗೂ ಶಿಫಾ ಕರುಣಿಸಲಿ. ಆಮೀನ್.